ಆಗಸ್ಟ್‌ನ ಚಿನೂಕ್‌ಗೆ ಜೆ-ಪ್ಲಗ್, ಬಾಗಿದ ಪ್ಲಗ್, ಸ್ಪೂನ್: ಮೂರನ್ನೂ ಎಳೆದು ನೋಡಿದ ಮೇಲೆ

ಅಮೆರಿಕದ ಮಿಷಿಗನ್ ಸರೋವರದಲ್ಲಿ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಬೆಳಕು ಹರಿಯುವ ಮುಂಚೆ ಚಿನೂಕ್ ಸಾಲ್ಮನ್ ಹಿಡಿಯಲು ಹೊರಡುವವರು ಜೆ-ಪ್ಲಗ್ (ದೋಣಿಯ ಹಿಂದೆ ಎಳೆಯುವ ಗಟ್ಟಿ ಮೈಯ ಕೃತಕ ಆಮಿಷ) ಕೊಂಡರೆ ದುಡ್ಡು ದಂಡವಾಗದು. ಬಾಗಿದ ಪ್ಲಗ್‌ಗಳನ್ನೂ ದೊಡ್ಡ ಸ್ಪೂನ್‌ಗಳನ್ನೂ (ಚಮಚದಂತೆ ಬಾಗಿದ ಲೋಹದ ಆಮಿಷ) ಅದೇ ನೀರಲ್ಲಿ ಎಳೆದು ನೋಡಿಯೇ ಈ ಮಾತು ಹೇಳುತ್ತಿದ್ದೇನೆ. ನನ್ನದು ಸಣ್ಣ ದೋಣಿ, ಎರಡೇ ಡೌನ್‌ರಿಗ್ಗರ್ (ಭಾರದ ಗುಂಡಿನಿಂದ ದಾರವನ್ನು ಆಳಕ್ಕಿಳಿಸುವ ಸಾಧನ). ಲೆಕ್ಕಾಚಾರವೆಲ್ಲ ಅಷ್ಟರೊಳಗಿನದು.

ತಿಂಗಳು ಯಾವುದು ಎಂಬುದೇ ಇಲ್ಲಿ ಮುಖ್ಯ. ಈ ಸರೋವರಕ್ಕೆ ಪೆಸಿಫಿಕ್ ಸಾಲ್ಮನ್ ತಂದು ಬಿಟ್ಟದ್ದು ಮಿಷಿಗನ್ ರಾಜ್ಯದ ಮೀನುಗಾರಿಕಾ ವಿಭಾಗ, ಹೊವರ್ಡ್ ಟ್ಯಾನರ್ ಮುಂದಾಳತ್ವದಲ್ಲಿ: 1966ರಲ್ಲಿ ಕೋಹೋ, 1967ರಲ್ಲಿ ಚಿನೂಕ್. ಅತಿಯಾಗಿ ಬೆಳೆದಿದ್ದ ಏಲ್‌ವೈಫ್ ಎಂಬ ಸಣ್ಣ ಮೀನುಗಳೇ ಅವಕ್ಕೆ ಊಟವಾದವು. ಜೂನ್-ಜುಲೈನಲ್ಲಿ ಚಿನೂಕ್ ಆಳದ ತಣ್ಣೀರಲ್ಲಿ ಏಲ್‌ವೈಫ್ ಹಿಂದೆ ಅಲೆಯುತ್ತಿರುತ್ತದೆ. ಆಗಸ್ಟ್ ಕಳೆಯುತ್ತ ಬಂದಂತೆ ಮೊಟ್ಟೆಯಿಡಲು ನದಿಗೆ ಹತ್ತಬೇಕಾದ ಮೀನು ಲಡಿಂಗ್ಟನ್, ಮನಿಸ್ಟೀಯಂಥ ಬಂದರುಗಳ ಬಾಯಲ್ಲಿ ಜಮಾಯಿಸುತ್ತದೆ. ಅದಕ್ಕಾಗಲೇ ಹಸಿವು ಸತ್ತಿರುತ್ತದೆ. ಎದುರಿಗೆ ಹೊರಳಾಡುತ್ತ ಬಂದದ್ದನ್ನು ಕೆರಳಿ ಕಚ್ಚುತ್ತದೆ. ತಿನಿಸಿನಂತೆ ಕಾಣುವ ಲ್ಯೂರ್‌ಗಿಂತ (ಕೃತಕ ಆಮಿಷ) ಕೆಣಕುವ ಲ್ಯೂರ್‌ಗೆ ಆಗ ಬೆಲೆ.

ಜೆ-ಪ್ಲಗ್‌ನ ಮೂಗು ಓರೆಯಾಗಿ ಕತ್ತರಿಸಿದಂತಿರುತ್ತದೆ. ಪೆಸಿಫಿಕ್ ಕರಾವಳಿಯವರು ಹೆರಿಂಗ್ ಮೀನಿನ ತಲೆಯನ್ನು ಓರೆಯಾಗಿ ಕೊಯ್ದು ಗಾಳಕ್ಕೆ ಹಾಕುತ್ತಾರಲ್ಲ, ಅದೇ ಆಕಾರ. ಆ ಓರೆ ಮುಖಕ್ಕೆ ನೀರು ಬಡಿದಾಗ ಪ್ಲಗ್ ಅಗಲವಾಗಿ ಹೊರಳುತ್ತ, ಆಗಾಗ ಪಕ್ಕಕ್ಕೆ ಜಾರುತ್ತ ಬರುತ್ತದೆ. ಇದಕ್ಕೆ ದಾರ ಕಟ್ಟುವ ಕೊಂಡಿ ಇಲ್ಲ. ಲೀಡರ್, ಎಂದರೆ ದಾರದ ಕೊನೆಯ ಗಟ್ಟಿ ತುಂಡು, ಪ್ಲಗ್‌ನ ಮೈಯೊಳಗಿಂದಲೇ ಹಾದು ಹೊರಬಂದು ಹಾರ್ನೆಸ್‌ಗೆ (ಗಾಳಗಳನ್ನು ಹಿಡಿದಿರುವ ಜೋಡಣೆ) ಸೇರುತ್ತದೆ. ಮೀನು ಸಿಕ್ಕಿಬಿದ್ದ ಕೂಡಲೇ ಪ್ಲಗ್ ದಾರದ ಮೇಲೆ ಜಾರಿ ದೂರ ಹೋಗುತ್ತದೆ, ಬಾಯಲ್ಲಿ ಉಳಿಯುವುದು ಗಾಳ ಮಾತ್ರ. 20 ಪೌಂಡಿನ ಮೀನು ತಲೆ ಕೊಡವಿದಾಗ ಗಟ್ಟಿ ಪ್ಲಗ್ ಬಾಯಿಗೆ ಅಂಟಿಕೊಂಡೇ ಇದ್ದರೆ ಅದು ಸನ್ನೆಕೋಲಿನಂತೆ ಗಾಳವನ್ನು ಮೀಟಿ ಕಿತ್ತುಬಿಡುತ್ತದೆ. ಜೆ-ಪ್ಲಗ್‌ನಲ್ಲಿ ಆ ಸನ್ನೆಕೋಲೇ ಇಲ್ಲ. ನನ್ನ ಓಟು ಇದಕ್ಕೆ ಬೀಳಲು ಮೊದಲ ಕಾರಣ ಇದೇ.

ತಲೆನೋವೂ ಇಲ್ಲೇ ಇದೆ. ಹಾರ್ನೆಸ್ ಕಟ್ಟುವುದರಲ್ಲಿ ಎಡವಿದರೆ ಪ್ಲಗ್ ಕೆಲಸಕ್ಕೆ ಬಾರದು. ಜನ ಬೈಯುವುದು ಮಾತ್ರ ಪ್ಲಗ್‌ಗೆ.

ಲೀಡರ್‌ಗೆ 25ರಿಂದ 30 ಪೌಂಡು ಎಳೆತ ತಡೆಯುವ ಫ್ಲೂರೊಕಾರ್ಬನ್ ದಾರ ಸಾಕು. ಅದನ್ನು ತಲೆಯ ಕಡೆಯ ತೂತಿನಿಂದ ಒಳಗೆ ಹಾಕಿ, ಹೊರಬಂದ ತುದಿಗೆ ಒಂದು ಪ್ಲಾಸ್ಟಿಕ್ ಮಣಿ ಪೋಣಿಸಿ, ಆಮೇಲೆ ಹಾರ್ನೆಸ್‌ನ ಸ್ವಿವೆಲ್‌ಗೆ (ದಾರ ಹುರಿಯಾಗದಂತೆ ತಿರುಗುವ ಕೊಂಡಿ) ಗಂಟು ಹಾಕಿ. ಆ ಮಣಿಯನ್ನು ಬಿಟ್ಟರೆ ಹೊರಳಾಟದ ಪೆಟ್ಟೆಲ್ಲ ನೇರ ಗಂಟಿನ ಮೇಲೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಂಟಿನ ಬುಡ ಬೆಳ್ಳಗೆ ನವೆದಿರುತ್ತದೆ, ದೊಡ್ಡ ಮೀನು ಬಂದಾಗ ಅಲ್ಲೇ ತುಂಡಾಗುತ್ತದೆ. ತೂತಿನ ಅಂಚಿನಲ್ಲಿ ಪ್ಲಾಸ್ಟಿಕ್ ಮುಳ್ಳು ಉಳಿದಿದೆಯೇ ಎಂದು ಉಗುರಾಡಿಸಿ ನೋಡಿ. ಇದ್ದರೆ ನುಣ್ಣನೆಯ ಉಪ್ಪುಕಾಗದದಿಂದ ಒಮ್ಮೆ ಉಜ್ಜಿ.

ಲೀಡರ್‌ನ ಉದ್ದ ಐದಾರು ಅಡಿ ಮೀರಬಾರದು. ಜಾರಿಹೋದ ಪ್ಲಗ್ ಲೀಡರ್‌ನ ಮೇಲ್ತುದಿಯ ಸ್ವಿವೆಲ್‌ಗೆ ಬಂದು ನಿಲ್ಲುತ್ತದೆ. ಆ ಸ್ವಿವೆಲ್ ಗಾಳದ ಕೋಲಿನ ತುದಿಯ ಉಂಗುರ ದಾಟಿ ಒಳಬರುವುದಿಲ್ಲ. ಲೀಡರ್ 10 ಅಡಿ ಇಟ್ಟರೆ, ಸುತ್ತುವುದು ಮುಗಿದರೂ ಮೀನು ಇನ್ನೂ 10 ಅಡಿ ಆಚೆ ಒದ್ದಾಡುತ್ತಿರುತ್ತದೆ, ಬಲೆ ಚಾಚಿದರೂ ಎಟುಕುವುದಿಲ್ಲ.

ಗಾಳದ ಸೈಜಿನಲ್ಲಿ ದುರಾಸೆ ಬೇಡ. ಕೊಟ್ಟದ್ದಕ್ಕಿಂತ ದೊಡ್ಡ ಮೂರು ಮೊನೆಯ ಗಾಳ ತೂಗುಹಾಕಿದರೆ ಹೊರಳಾಟ ಮಂದವಾಗುತ್ತದೆ. ಹಾರ್ನೆಸ್ ತೀರಾ ಉದ್ದವಾದರೆ ಹಿಂದಿನ ಗಾಳ ತಿರುಗಿಬಂದು ಲೀಡರ್‌ಗೇ ಸಿಕ್ಕಿಕೊಳ್ಳುತ್ತದೆ. ಆಗ ಪ್ಲಗ್ ಗಿರಗಿರ ಸುತ್ತುತ್ತ ದಾರವನ್ನೆಲ್ಲ ಹುರಿ ಮಾಡಿಬಿಡುತ್ತದೆ. ಆದ್ದರಿಂದ ಕೆಳಗಿಳಿಸುವ ಮುಂಚೆ ದೋಣಿಯ ಪಕ್ಕದಲ್ಲಿ ಪ್ರತಿಸಲವೂ ಎಳೆದು ನೋಡಬೇಕು: ಹೊರಳಬೇಕು, ಸುತ್ತಬಾರದು. ಬಿಡುವಾಗಲೂ ರೀಲಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಬಿಡಿ. ದಾರ ಸಡಿಲಾದ ಕ್ಷಣದಲ್ಲೇ ಈ ಸಿಕ್ಕು ಬೀಳುವುದು.

ಬಾಗಿದ ಪ್ಲಗ್ ಎಂದರೆ ಕ್ವಿಕ್‌ಫಿಶ್, ಫ್ಲ್ಯಾಟ್‌ಫಿಶ್ ಜಾತಿಯವು, ಬಾಳೆಕಾಯಿಯಂತೆ ಬಾಗಿರುವವು. ಕೆ-15 ಸೈಜಿನದು ನದಿಯಲ್ಲಿ ದೊರೆ. ಹರಿವಿಗೆದುರಾಗಿ ದೋಣಿಯನ್ನು ಹಿಡಿದು, ನಿಧಾನವಾಗಿ ಹಿಂದಕ್ಕೆ ಸರಿಯಬಿಟ್ಟು ಮೀನಿನ ಮೂತಿಗೇ ಒಯ್ಯಲು ಅದಕ್ಕೆ ಸಾಟಿಯಿಲ್ಲ. ಸರೋವರದಲ್ಲಿ ಮಾತ್ರ ಗಂಟೆಗೆ ಒಂದೂವರೆ ಮೈಲಿ ದಾಟುತ್ತಿದ್ದಂತೆ ತಪ್ಪು ಹಾದಿ ಹಿಡಿಯುತ್ತದೆ. ಹೊಸದಾಗಿ ತಂದದ್ದನ್ನೂ ಸರಿಪಡಿಸಿಯೇ ಎಳೆಯಬೇಕು: ಯಾವ ಕಡೆಗೆ ವಾಲಿ ಓಡುತ್ತದೋ ಅದರ ಎದುರು ಕಡೆಗೆ ಮೂಗಿನ ಕೊಂಡಿಯನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಳೆದು ನೋಡಿ. ಗಾಳಗಳು ಮೈಗೇ ಅಂಟಿಕೊಂಡಿರುವುದರಿಂದ ಆ ಸನ್ನೆಕೋಲಿನ ಕಾಟವೂ ಇದ್ದೇ ಇದೆ.

ಸ್ಪೂನ್ ಅಗ್ಗ. ಕಟ್ಟುವುದೂ ಸಲೀಸು. ಜೂನ್-ಜುಲೈನಲ್ಲಿ ಗಂಟೆಗೆ ಎರಡೂವರೆ ಮೈಲಿಯಲ್ಲಿ ಹೆಚ್ಚು ನೀರು ಜಾಲಾಡಲು ಅದೇ ಸರಿ, ಆಗ ಪ್ಲಗ್ ಡಬ್ಬಿಯಲ್ಲೇ ಇರಲಿ.

ಮೂರನ್ನೂ ಒಟ್ಟಿಗೆ ಎಳೆಯುತ್ತೇನೆ ಎನ್ನುವವರು ಎಡವುವುದು ವೇಗದಲ್ಲಿ. ಜೆ-ಪ್ಲಗ್‌ಗೆ ಎರಡು ಮೈಲಿಯ ಆಸುಪಾಸು ಹಿತ. ಸ್ಪೂನ್‌ಗೆ ಹೊಂದುವ ವೇಗ ಪ್ಲಗ್‌ಗೆ ಅತಿಯಾಗುತ್ತದೆ, ಪ್ಲಗ್‌ನ ವೇಗದಲ್ಲಿ ದಪ್ಪ ಸ್ಪೂನ್ ಸತ್ತಂತೆ ತೂಗುತ್ತದೆ. ಮೇಲಿನ ಜಿಪಿಎಸ್ ತೋರಿಸುವ ವೇಗವೇ ಕೆಳಗೂ ಇರುತ್ತದೆ ಎಂದು ನಂಬಬೇಡಿ, ಒಳಹರಿವು ಬೇರೆಯೇ ಇರಬಹುದು. ವೇಗ ಅಳೆಯುವ ಪ್ರೋಬ್ ಕೊಳ್ಳುವಷ್ಟು ದುಡ್ಡಿಲ್ಲದವರು ದೋಣಿಯನ್ನು ತಿರುಗಿಸಿ ನೋಡಿ: ತಿರುವಿನ ಒಳಬದಿಯ ಲ್ಯೂರ್ ನಿಧಾನಿಸುತ್ತದೆ, ಹೊರಬದಿಯದು ಚುರುಕಾಗುತ್ತದೆ. ಮೀನು ಪದೇಪದೇ ಒಳಬದಿಯದನ್ನೇ ಹಿಡಿದರೆ ವೇಗ ತಗ್ಗಿಸಿ.

ಕೈಯಲ್ಲಿ ದುಡ್ಡು ಬಿಗಿಯಿದ್ದರೆ ಮೊದಲು ನಾಲ್ಕನೇ ನಂಬರಿನ ಎರಡು ಜೆ-ಪ್ಲಗ್ ಸಾಕು: ಕತ್ತಲಲ್ಲಿ ಹೊಳೆಯುವ ಬಣ್ಣದ್ದೊಂದು, ಬೆಳಕಾದ ಮೇಲೆ ಬೆಳ್ಳಿಮೈಗೆ ಹಸಿರು ಏಣಿಪಟ್ಟೆಯದ್ದೊಂದು. ಪ್ಲಗ್‌ನ ಮೈ ವರ್ಷಗಟ್ಟಲೆ ಬಾಳುತ್ತದೆ, ಬದಲಿಸಬೇಕಾದದ್ದು ಗಾಳ, ಲೀಡರ್ ಮಾತ್ರ. ಬಂದರು ಬಾಯಲ್ಲಿ 20ರಿಂದ 40 ಅಡಿ ನೀರಿರುವ ಕಡೆ, ಡೌನ್‌ರಿಗ್ಗರ್ ಗುಂಡಿನಿಂದ 50 ಅಡಿಗೂ ಹೆಚ್ಚು ಹಿಂದೆ ಬಿಡಿ, ಕಡಿಮೆ ನೀರಲ್ಲಿ ದೋಣಿಯ ಸದ್ದಿಗೆ ಮೀನು ಬೆದರುತ್ತದೆ. ಪ್ಲಗ್‌ನ ಎಳೆತ ಸ್ಪೂನ್‌ಗಿಂತ ಜೋರು, ಆದ್ದರಿಂದ ದಾರವನ್ನು ಡೌನ್‌ರಿಗ್ಗರ್‌ಗೆ ಹಿಡಿಸುವ ಕ್ಲಿಪ್ ತುಸು ಬಿಗಿಯಿರಲಿ. ಹೊಳೆಯುವ ಬಣ್ಣ ಬೇಗ ಮಂಕಾಗುತ್ತದೆ. ಕಾಲುಗಂಟೆಗೊಮ್ಮೆ ಮೇಲೆತ್ತಿ ಯುವಿ ಟಾರ್ಚ್ ಹಿಡಿಯಿರಿ, ಮೊನೆಗಳನ್ನು ಉಗುರಿಗೆ ಒತ್ತಿ ನೋಡಿ. ಉಗುರಿಗೆ ಕಚ್ಚದೆ ಜಾರಿದರೆ ಅರದಿಂದ ಉಜ್ಜಿಯೇ ಕೆಳಗಿಳಿಸಿ.