ಬೇಸ್‌ಬಾಲ್, ಅಪ್ಪ, ಪವಾಡ: ಯಾವ ಚಿತ್ರ ನೋಡಬೇಕು?

‘ಫೀಲ್ಡ್ ಆಫ್ ಡ್ರೀಮ್ಸ್’ ಮತ್ತು ‘ಏಂಜಲ್ಸ್ ಇನ್ ದಿ ಔಟ್‌ಫೀಲ್ಡ್’ ಎರಡರಲ್ಲೂ ಬೇಸ್‌ಬಾಲ್ ಇದೆ, ಅಪ್ಪನಿಗಾಗಿ ಹಂಬಲಿಸುವ ಮಗನಿದ್ದಾನೆ, ಪವಾಡವೂ ಇದೆ. ಆಯ್ಕೆ ನಿಂತಿರುವುದು ಯಾರೊಂದಿಗೆ ಕುಳಿತು ನೋಡುತ್ತೀರಿ ಎಂಬುದರ ಮೇಲೆ.

1989ರ ‘ಫೀಲ್ಡ್ ಆಫ್ ಡ್ರೀಮ್ಸ್’ನಲ್ಲಿ ಅಯೋವಾದ ರೈತ ರೇ ಮೆಕ್ಕೆಜೋಳದ ಹೊಲದಲ್ಲಿ ಅಶರೀರವಾಣಿ ಕೇಳಿ, ಪೈರು ನೆಲಸಮ ಮಾಡಿ ಆಟದ ಮೈದಾನ ಕಟ್ಟುತ್ತಾನೆ. ಸಾಲ ಕುತ್ತಿಗೆಗೆ ಬರುತ್ತದೆ. ಹೆಂಡತಿ ಆನಿ ಆದರೂ ಜೊತೆಗೆ ನಿಲ್ಲುತ್ತಾಳೆ. 1919ರ ಮೋಸದಾಟದ ಹಗರಣದಲ್ಲಿ ನಿಷೇಧಕ್ಕೊಳಗಾಗಿ, ಎಂದೋ ತೀರಿಕೊಂಡ ನಿಜದ ಆಟಗಾರ ಶೂಲೆಸ್ ಜೋ ಜಾಕ್ಸನ್ ಆ ಮೈದಾನಕ್ಕೆ ಆಡಲು ಬರುತ್ತಾನೆ. ನಿಜದ ಜಾಕ್ಸನ್ ಎಡಗೈ ಬ್ಯಾಟರ್, ಚಿತ್ರದಲ್ಲಿ ಬಲಗೈ. ಆಟ ಬಲ್ಲವರು ಗೊಣಗಿದರೆ ತಪ್ಪಿಲ್ಲ. ಆದರೆ ಆಟ ಇಲ್ಲಿ ನೆಪ ಮಾತ್ರ. ಮುನಿಸಿಕೊಂಡು ಮನೆ ಬಿಟ್ಟ ಮಗ ರೇ, ರಾಜಿಯಾಗುವ ಮೊದಲೇ ತೀರಿಕೊಂಡ ಅವನ ಅಪ್ಪ, ಇದೇ ಚಿತ್ರದ ಜೀವಾಳ. ನಡುಭಾಗ ನಿಧಾನ. ವೃದ್ಧ ವೈದ್ಯನಾಗಿ ಬರುವ ಬರ್ಟ್ ಲ್ಯಾಂಕಾಸ್ಟರ್‌ಗಾಗಿಯಾದರೂ ತಾಳಿಕೊಳ್ಳಿ.

1994ರ ಡಿಸ್ನಿ ಚಿತ್ರದ ಲಹರಿಯೇ ಬೇರೆ. ‘ನಾವು ಮತ್ತೆ ಒಂದಾಗುವುದು ಯಾವಾಗ?’ ಎಂದು ಕೇಳಿದ ಹುಡುಗ ರೋಜರ್‌ಗೆ, ಸೋಲುತ್ತಲೇ ಇರುವ ಏಂಜಲ್ಸ್ ತಂಡ ಪ್ರಶಸ್ತಿ ಗೆದ್ದಾಗ ಎಂದು ಅಪ್ಪ ವ್ಯಂಗ್ಯವಾಡುತ್ತಾನೆ. ಹುಡುಗ ಅದನ್ನೇ ನಂಬಿ ಪ್ರಾರ್ಥಿಸಿದಾಗ ದೇವದೂತರು ಮೈದಾನಕ್ಕಿಳಿಯುತ್ತಾರೆ. ಹಾಸ್ಯ ಒರಟು, ಕಣ್ಣೀರು ಸುಲಭ. ಸಿಡುಕಿನ ತರಬೇತುದಾರನಾಗಿ ಡ್ಯಾನಿ ಗ್ಲೋವರ್ ಮಾತ್ರ ಸೊಗಸು.

ಚಿಕ್ಕ ಮಕ್ಕಳಿದ್ದರೆ ಎರಡನೆಯದೇ ಸರಿ. ಅದರಲ್ಲಿ ಪಂದ್ಯಗಳು ಹೆಚ್ಚು, ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂತೆ ಚೆಂಡನ್ನು ಮೈದಾನದಾಚೆ ಬಾರಿಸುವ ಹೊಡೆತ) ಎಂದರೇನೆಂದು ಮೊದಲೇ ಹೇಳಿಬಿಡಿ. ದೊಡ್ಡವರಷ್ಟೇ ಇದ್ದರೆ, ನಿಯಮವೊಂದೂ ತಿಳಿಯದಿದ್ದರೂ, ನನ್ನ ಮತ ಮೊದಲನೆಯದಕ್ಕೆ.