ಕೇರಳ ಪಿಎಸ್‌ಸಿಯ ‘ತುಳಸಿ’ ಪ್ರೊಫೈಲ್: ಕಾಸರಗೋಡಿನ ಕನ್ನಡ ಪದವೀಧರರಿಗೆ ಎಷ್ಟು ಪ್ರಯೋಜನ?

ಪದವಿ ಮುಗಿಸಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಮನೆಯಲ್ಲಿ ಕುಳಿತವರಿಗೆ ಮೊದಲು ಸಿಗುವ ಸಲಹೆ ‘ಪಿಎಸ್‌ಸಿ ಬರೆ’ ಎಂಬುದು. ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೆಡುತ್ತದೆ, ಎಷ್ಟು ಕಾಯಬೇಕು ಎನ್ನುವುದನ್ನು ಸಲಹೆ ಕೊಟ್ಟವರು ಹೇಳುವುದು ಕಡಿಮೆ. ಪಿಎಸ್‌ಸಿ ಎಂದರೆ ಸರಕಾರಿ ಹುದ್ದೆಗೆ ಆಯ್ಕೆ ಮಾಡುವ ಕೇರಳ ಲೋಕಸೇವಾ ಆಯೋಗ, ಅದರ ಒಂದು ಸಲದ ನೋಂದಣಿ ವ್ಯವಸ್ಥೆಗೆ ‘ತುಳಸಿ’ ಎಂದು ಹೆಸರು. ಅದನ್ನು ಒಂದು ಸೇವೆಯೆಂದು ಪರಿಗಣಿಸಿ ತೂಗಿದರೆ ಸಿಗುವ ಲೆಕ್ಕ ಇಷ್ಟು: ಖರ್ಚಿಲ್ಲ, ಕ್ರಮ ಸ್ಪಷ್ಟ, ಕನ್ನಡದ ವಿಷಯದಲ್ಲಿ ಅರ್ಧ ನ್ಯಾಯ, ವೇಗ ಮಾತ್ರ ತೀರಾ ಕಳಪೆ. ಪದವಿಯ ಕೊನೆಯ ಫಲಿತಾಂಶ ಬಂದ ವಾರವೇ ಪ್ರೊಫೈಲ್ ತೆರೆಯಬೇಕು. ಆದರೆ ಅದೊಂದನ್ನೇ ನಂಬಿ ಕೂರಬಾರದು.

ಖರ್ಚಿಲ್ಲ ಎಂಬುದು ಸಣ್ಣ ಮಾತಲ್ಲ. ಬ್ಯಾಂಕ್ ಪರೀಕ್ಷೆಗೆ, ಅದನ್ನು ನಡೆಸುವ ಸಂಸ್ಥೆ ಐಬಿಪಿಎಸ್ ಸಾಮಾನ್ಯ ವರ್ಗದವರಿಂದ 850 ರೂಪಾಯಿ ತೆಗೆದುಕೊಳ್ಳುತ್ತದೆ. ಕೇರಳ ಪಿಎಸ್‌ಸಿಗೆ ಎಷ್ಟು ಹುದ್ದೆಗೆ ಅರ್ಜಿ ಹಾಕಿದರೂ ಶುಲ್ಕವಿಲ್ಲ. ಹಾಗಾಗಿ ಕಂಡದ್ದಕ್ಕೆಲ್ಲ ಅರ್ಜಿ ಒತ್ತುವ ಚಾಳಿ ಬೆಳೆಯುತ್ತದೆ, ಅದರ ತೊಂದರೆ ಮುಂದೆ ಬರುತ್ತದೆ.

ಮೊದಲ ಎಡವಟ್ಟು ಪ್ರೊಫೈಲ್ ತೆರೆಯುವಲ್ಲೇ ಆಗುತ್ತದೆ. ಅಕ್ಷಯ ಕೇಂದ್ರದಲ್ಲೋ (ಸರಕಾರಿ ಆನ್‌ಲೈನ್ ಸೇವೆಗಳ ಕೇಂದ್ರ) ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲೋ ಮಾಡಿಸುವಾಗ ಅಲ್ಲಿಯವರ ಮೊಬೈಲ್ ನಂಬರ್, ಅವರೇ ಇಟ್ಟ ಪಾಸ್‌ವರ್ಡ್ ಸೇರಿಬಿಡುತ್ತದೆ. ಎರಡು ವರ್ಷ ಬಿಟ್ಟು ಒಟಿಪಿ ಯಾರ ಫೋನಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನಂಬರ್ ನಿಮ್ಮದೇ ಇರಲಿ, ಸಿಮ್ ಬದಲಿಸಿದರೆ ಆ ದಿನವೇ ಪ್ರೊಫೈಲಿನಲ್ಲೂ ಬದಲಿಸಿ. ಹೆಸರು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಕಡೆ ಮನೆತನದ ಹೆಸರು, ಇನಿಶಿಯಲ್, ‘ಭಟ್’, ‘ರೈ’, ‘ಶೆಟ್ಟಿ’ ಮುಂತಾದವು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಆಧಾರ್‌ನ ಕಾಗುಣಿತ ಬೇರೆಯಾಗಿದ್ದರೆ ಮೊದಲು ಆಧಾರ್ ತಿದ್ದಿಸಿ, ನಂತರ ಪ್ರೊಫೈಲಿಗೆ ಜೋಡಿಸಿ. ಜಾತಿಯ ಕಾಲಮ್ಮಿನಲ್ಲೂ ಬಾಯಿಮಾತಿನ ಹೆಸರು ಬೇಡ, ವಿಲೇಜ್ ಆಫೀಸಿನ ಪ್ರಮಾಣಪತ್ರದಲ್ಲಿ ಇರುವುದನ್ನೇ ತುಂಬಬೇಕು.

ಫೋಟೊದ ಅಳತೆ 150 ಪಿಕ್ಸೆಲ್ ಅಗಲ, 200 ಪಿಕ್ಸೆಲ್ ಎತ್ತರ, 30 ಕೆಬಿ ಒಳಗೆ, ಜೆಪಿಜಿ ರೂಪ. ಸಹಿ 150ಕ್ಕೆ 100, ಅದೂ 30 ಕೆಬಿ ಒಳಗೆ. ಫೋಟೊದ ಕೆಳಗಡೆ ಅಭ್ಯರ್ಥಿಯ ಹೆಸರು ಮತ್ತು ಫೋಟೊ ತೆಗೆದ ದಿನಾಂಕ ಅಚ್ಚಾಗಿರಬೇಕು. ಹೊಸ ಪ್ರೊಫೈಲಿಗೆ ಆರು ತಿಂಗಳ ಒಳಗಿನ ಫೋಟೊ ಬೇಕು. ಷರತ್ತುಗಳೆಲ್ಲ ಸರಿಯಿದ್ದರೆ ಅಪ್‌ಲೋಡ್ ಮಾಡಿದ ದಿನದಿಂದ 10 ವರ್ಷ ನಡೆಯುತ್ತದೆ. ಸ್ಟುಡಿಯೋದವರು ಹೆಸರನ್ನು ಗಲ್ಲದ ಮೇಲೆ ಬರುವಂತೆ ಕೂರಿಸುವುದು, ದಿನಾಂಕದ ಜಾಗದಲ್ಲಿ ಪ್ರಿಂಟ್ ತೆಗೆದ ದಿನ ಹಾಕುವುದು, 30 ಕೆಬಿಗೆ ಇಳಿಸಲು ಹೋಗಿ ಮುಖವೇ ಮಸುಕಾಗುವುದು, ಇವೆಲ್ಲ ಅರ್ಜಿ ತಿರಸ್ಕಾರಕ್ಕೆ ಸಾಕಾಗುವ ಕಾರಣಗಳು. ಮೊದಲು 150-200ಕ್ಕೆ ಕತ್ತರಿಸಿ, ಆಮೇಲೆ ಹೆಸರು ಬರೆಸಿ, ಕೊನೆಗೆ ಗಾತ್ರ ಇಳಿಸಿದರೆ ಅಕ್ಷರ ಸ್ಪಷ್ಟವಾಗಿ ಉಳಿಯುತ್ತದೆ.

ವಿದ್ಯಾರ್ಹತೆಯನ್ನು ತುಂಬದೆ ಬಿಟ್ಟರೆ ಅರ್ಜಿಯ ಜಾಗದಲ್ಲಿ ‘ಅಪ್ಲೈ ನೌ’ ಬದಲು ‘ಚೆಕ್ ಎಲಿಜಿಬಿಲಿಟಿ’ ಎಂದು ತೋರಿಸುತ್ತದೆ. ಮಂಗಳೂರು, ಪುತ್ತೂರು, ವಿಟ್ಲದ ಕಾಲೇಜುಗಳಲ್ಲಿ ಓದಿದವರು ಇಲ್ಲಿ ವಿಶೇಷ ಗಮನ ಕೊಡಬೇಕು. ಕಣ್ಣೂರು ವಿಶ್ವವಿದ್ಯಾಲಯದ ಪದವಿಗೆ ಪ್ರಶ್ನೆ ಏಳುವುದಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಪದವಿಯಾದರೆ, ಅದರಲ್ಲೂ ವಿಷಯದ ಹೆಸರು ಅಧಿಸೂಚನೆಯಲ್ಲಿ ಇರುವುದಕ್ಕಿಂತ ಬೇರೆಯಾಗಿದ್ದರೆ, ದಾಖಲೆ ಪರಿಶೀಲನೆಯ ಹೊತ್ತಿಗೆ ಸಮಾನತೆಯ ಪ್ರಮಾಣಪತ್ರ (ಕೇಳಿದ ಅರ್ಹತೆಗೆ ನಿಮ್ಮ ಪದವಿ ಸಮ ಎಂಬ ಪತ್ರ) ಕೇಳಬಹುದು. ಅದನ್ನು ಮೊದಲೇ ಮಾಡಿಸಿಟ್ಟರೆ ಕೊನೆಯ ಗಳಿಗೆಯ ಓಡಾಟ ತಪ್ಪುತ್ತದೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಮೊದಲು ಅರ್ಹತೆ ಕೈಗೆ ಬಂದಿರಬೇಕು. ‘ರಿಸಲ್ಟ್ ಬರಲಿದೆ’ ಎಂಬುದು ನಡೆಯುವುದಿಲ್ಲ.

ಅರ್ಜಿ ಒಮ್ಮೆ ಸಲ್ಲಿಸಿದ ಮೇಲೆ ಅದರ ವಿವರ ಅಳಿಸಲೂ ತಿದ್ದಲೂ ಆಗದು. ಹಾಗಾಗಿ ‘ಸಬ್ಮಿಟ್’ ಒತ್ತುವ ಮುನ್ನ ಎರಡು ಸಲ ನೋಡಬೇಕಾದದ್ದು ಜಿಲ್ಲೆ ಮತ್ತು ಪ್ರಶ್ನೆಪತ್ರಿಕೆಯ ಭಾಷೆ. ಎಲ್‌ಡಿ (ಲೋವರ್ ಡಿವಿಷನ್) ಕ್ಲರ್ಕಿನಂತಹ ಜಿಲ್ಲಾವಾರು ಹುದ್ದೆಗೆ ಒಂದೇ ಜಿಲ್ಲೆಗೆ ಅರ್ಜಿ ಹಾಕಬಹುದು. ನೇಮಕವಾದರೆ ಐದು ವರ್ಷ ಆ ಜಿಲ್ಲೆ ಬಿಡುವಂತಿಲ್ಲ. ಹುದ್ದೆ ಜಾಸ್ತಿ ಎಂದು ಮಲಪ್ಪುರವನ್ನೋ ಎರ್ನಾಕುಳವನ್ನೋ ಆರಿಸುವವರು ಅಲ್ಲಿಯ ಮನೆ ಬಾಡಿಗೆಯನ್ನೂ ಲೆಕ್ಕ ಹಾಕಲಿ. ಭಾಷೆಯ ಜಾಗದಲ್ಲಿ ಕನ್ನಡ ಆರಿಸದಿದ್ದರೆ ಪರೀಕ್ಷೆಯ ದಿನ ಕೈಗೆ ಬರುವುದು ಮಲಯಾಳಂ ಪತ್ರಿಕೆ. ಅಲ್ಲಿ ಮೇಲ್ವಿಚಾರಕರ ಬಳಿ ಹೇಳಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಅನೇಕರಿಗೆ ಹೊಳೆಯುವುದೇ ಇಲ್ಲ. ಲಾಸ್ಟ್ ಗ್ರೇಡ್ (ಕಚೇರಿ ಸಹಾಯಕರಂತಹ ಕೊನೆಯ ದರ್ಜೆಯ) ಹುದ್ದೆಗೆ ಏಳನೇ ತರಗತಿ ಸಾಕು, ಆದರೆ ಪದವಿ ಪಡೆದವರು ಅರ್ಹರಲ್ಲ. ಪದವಿ ಮುಚ್ಚಿಟ್ಟು ಬರೆದು ಸಿಕ್ಕಿಬಿದ್ದರೆ ಹೋಗುವುದು ಆ ಒಂದು ಹುದ್ದೆ ಮಾತ್ರ ಅಲ್ಲ.

ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಜನ ಉರುಳುವ ಜಾಗ ಕನ್ಫರ್ಮೇಶನ್. ಅರ್ಜಿ ಹಾಕಿದರೆ ಸಾಲದು. ಪರೀಕ್ಷಾ ವೇಳಾಪಟ್ಟಿ ಪ್ರಕಟವಾದ ಮೇಲೆ, ನಿಗದಿಪಡಿಸಿದ ದಿನಗಳೊಳಗೆ ಪ್ರೊಫೈಲಿಗೆ ಹೋಗಿ ‘ನಾನು ಬರೆಯುತ್ತೇನೆ’ ಎಂದು ದೃಢೀಕರಿಸಬೇಕು. ಆ ಅವಧಿ ತಪ್ಪಿದರೆ ಅರ್ಜಿ ತಿರಸ್ಕೃತ. ಮನವಿಗೆ ಅವಕಾಶವಿಲ್ಲ. ದೃಢೀಕರಿಸಿದವರಿಗೆ ಮಾತ್ರ ಪರೀಕ್ಷೆಗೆ ಮುಂಚಿನ 15 ದಿನಗಳಲ್ಲಿ ಹಾಲ್ ಟಿಕೆಟ್ ಇಳಿಸಿಕೊಳ್ಳಲು ಸಾಧ್ಯ. ಅರ್ಜಿ ಹಾಕಿದ ದಿನಕ್ಕೂ ಇದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರುವುದರಿಂದ, ಹತ್ತು ಹದಿನೈದು ಅರ್ಜಿ ಹಾಕಿದವರಿಗೆ ಯಾವುದು ಯಾವಾಗ ಎಂಬುದೇ ಮರೆತುಹೋಗುತ್ತದೆ. ಎಸ್‌ಎಂಎಸ್ ನಂಬಬೇಡಿ. ತಿಂಗಳ ಮೊದಲ ವಾರ ಪ್ರೊಫೈಲ್ ತೆರೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ, ಪ್ರತಿ ಹುದ್ದೆಯ ಅಧಿಸೂಚನೆಗೆ ಇರುವ ಕೆಟಗರಿ ನಂಬರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಜಿಯ ಕೊನೆಯ ದಿನ ಸಾಮಾನ್ಯವಾಗಿ ಬುಧವಾರ ಮಧ್ಯರಾತ್ರಿ. ಆ ಸಂಜೆಗೆ ಸರ್ವರ್ ಮಂದವಾಗುವುದು ಹೊಸತಲ್ಲ, ಸೋಮವಾರವೇ ಮುಗಿಸಿ.

ಪರೀಕ್ಷೆ ಸಾಮಾನ್ಯವಾಗಿ ಒಎಂಆರ್ ಹಾಳೆಯಲ್ಲಿ 100 ಪ್ರಶ್ನೆ, 100 ಅಂಕ. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಡಿತ. 72 ಸರಿ, 21 ತಪ್ಪು ಮಾಡಿದರೆ ಉಳಿಯುವುದು 65. ನಾಲ್ಕು ಆಯ್ಕೆಯಲ್ಲಿ ಒಂದನ್ನಾದರೂ ಖಂಡಿತವಾಗಿ ತಳ್ಳಿಹಾಕಲು ಆದರೆ ಮಾತ್ರ ಊಹೆ ಲಾಭದ್ದು. ಏನೂ ಗೊತ್ತಿಲ್ಲದ ಪ್ರಶ್ನೆಯಲ್ಲಿ ಊಹಿಸಿದರೆ ಸರಾಸರಿಯಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ, ಸಮಯ ಮಾತ್ರ ಹೋಗುತ್ತದೆ. ಪದವಿ ಮಟ್ಟದ ಸೆಕ್ರೆಟರಿಯೇಟ್ ಅಸಿಸ್ಟೆಂಟ್, ಯೂನಿವರ್ಸಿಟಿ ಅಸಿಸ್ಟೆಂಟ್, ಸಬ್ ಇನ್‌ಸ್ಪೆಕ್ಟರ್‌ನಂತಹ ಹುದ್ದೆಗಳಿಗೆ 2021ರಿಂದ ಪೂರ್ವಭಾವಿ ಮತ್ತು ಮುಖ್ಯ ಪರೀಕ್ಷೆ ಎಂಬ ಎರಡು ಹಂತ ಬಂದಿದೆ. ಸ್ಪರ್ಧೆ ಇಲ್ಲಿ ರಾಜ್ಯ ಮಟ್ಟದ್ದು, ತಿರುವನಂತಪುರದ ತರಬೇತಿ ಕೇಂದ್ರಗಳಲ್ಲಿ ವರ್ಷಗಟ್ಟಲೆ ಕುಳಿತವರ ಜೊತೆಗೆ.

ಓದುವ ಸಾಮಗ್ರಿಯ ವಿಷಯದಲ್ಲಿ ಕನ್ನಡದವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ, ಎರಡೂ ಸರಿಯಲ್ಲ. ಒಂದು, ಮಲಯಾಳಂ ಗೈಡನ್ನು ತಿಣುಕಿ ಓದುವುದು. ಇನ್ನೊಂದು, ಮಂಗಳೂರಿನ ಕೋಚಿಂಗಿಗೆ ಸೇರುವುದು. ಅಲ್ಲಿ ಕಲಿಸುವ ಕರ್ನಾಟಕದ ಇತಿಹಾಸ, ಭೂಗೋಳ ಇಲ್ಲಿಯ ಪತ್ರಿಕೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕೇರಳದ ಎಸ್‌ಸಿಇಆರ್‌ಟಿ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮದಲ್ಲೇ ಇವೆ, ‘ಸಮಗ್ರ’ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಐದರಿಂದ ಹತ್ತನೆಯವರೆಗಿನ ಸಮಾಜ ವಿಜ್ಞಾನ ಮತ್ತು ವಿಜ್ಞಾನವನ್ನು ಸಾಲು ಬಿಡದೆ ಓದಿದರೆ ಸಾಮಾನ್ಯ ಜ್ಞಾನದ ಬೆನ್ನೆಲುಬು ಸಿದ್ಧ. ಶ್ರೀನಾರಾಯಣ ಗುರು, ಅಯ್ಯಂಕಾಳಿ, ಚಟ್ಟಂಬಿ ಸ್ವಾಮಿಗಳ ಕಾಲದ ಕೇರಳ ನವೋತ್ಥಾನ ತಪ್ಪದೆ ಬರುವ ಭಾಗ. ಇದನ್ನು ಮಾತ್ರ ಮಲಯಾಳಂ ಮೂಲದ ಹೆಸರುಗಳೊಡನೆ ಓದಬೇಕು, ಯಾಕೆಂದರೆ ಕೃತಿಗಳ, ಸಂಘಟನೆಗಳ ಹೆಸರು ಕನ್ನಡ ಪತ್ರಿಕೆಯಲ್ಲಿ ವಿಚಿತ್ರ ಕಾಗುಣಿತದಲ್ಲಿ ಬರುವುದುಂಟು. ಎಲ್‌ಡಿ ಕ್ಲರ್ಕ್ ಪಠ್ಯಕ್ರಮದಲ್ಲಿ ಗಣಿತಕ್ಕೆ 10, ಇಂಗ್ಲಿಷಿಗೆ 10, ಪ್ರಾದೇಶಿಕ ಭಾಷೆಗೆ 10 ಅಂಕ. ಪ್ರಾದೇಶಿಕ ಭಾಷೆ ಎಂದರೆ ಕನ್ನಡ ಆರಿಸಿದವರಿಗೆ ಕನ್ನಡ. ಸಂಧಿ, ಸಮಾಸ, ಗಾದೆ, ಪದಪ್ರಯೋಗ ನೋಡಿಕೊಂಡರೆ ಹತ್ತಕ್ಕೆ ಒಂಬತ್ತು ಕಷ್ಟವಲ್ಲ.

ಕನ್ನಡ ಪತ್ರಿಕೆಯ ಅನುವಾದದ ಬಗ್ಗೆ ಈ ಭಾಗದ ದೂರು ಹಳೆಯದು, ನ್ಯಾಯವಾದದ್ದೂ ಹೌದು. ಉಚಿತ ಸೇವೆ ಎಂದು ಇದನ್ನು ಕ್ಷಮಿಸಲಾಗದು, ಅರ್ಥವಾಗದ ಒಂದು ಪ್ರಶ್ನೆ ಎಂದರೆ ರ‍್ಯಾಂಕಿನಲ್ಲಿ ಹತ್ತಾರು ಸ್ಥಾನ. ಪರಿಹಾರ ಸೀಮಿತ: ತಾತ್ಕಾಲಿಕ ಉತ್ತರಸೂಚಿ ಬಂದ ಐದು ದಿನಗಳೊಳಗೆ ಪ್ರೊಫೈಲಿನ ಮೂಲಕವೇ ಆಕ್ಷೇಪ ಸಲ್ಲಿಸಬೇಕು. ಪ್ರಶ್ನೆ ಸಂಖ್ಯೆ, ಕನ್ನಡ ರೂಪ, ಮಲಯಾಳಂ ರೂಪ, ಪಠ್ಯಪುಸ್ತಕದ ಪುಟ, ನಾಲ್ಕನ್ನೂ ಕೊಟ್ಟರೆ ತೂಕ ಬರುತ್ತದೆ. ‘ಅನುವಾದ ಸರಿಯಿಲ್ಲ’ ಎಂದಷ್ಟೇ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ.

ಈ ಸೇವೆಯ ಒಳ್ಳೆಯ ಭಾಗ ಕಾಸರಗೋಡಿಗೆಂದೇ ಇರುವ ಹುದ್ದೆಗಳು: ಕನ್ನಡ ಮತ್ತು ಮಲಯಾಳಂ ಬಲ್ಲ ಎಲ್‌ಡಿ ಕ್ಲರ್ಕ್, ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ), ಯುಪಿ (ಹಿರಿಯ ಪ್ರಾಥಮಿಕ), ಹೈಸ್ಕೂಲ್ ಅಧ್ಯಾಪಕರು. ಅಭ್ಯರ್ಥಿಗಳು ಕಡಿಮೆ, ಹಾಗಾಗಿ ಸಾಧ್ಯತೆ ಹೆಚ್ಚು. ಆದರೆ ಹುದ್ದೆಯೂ ಕಡಿಮೆ, ಅಧಿಸೂಚನೆ ವರ್ಷಗಟ್ಟಲೆ ಬಾರದಿರಬಹುದು. ಬಂದ ದಿನ ಅರ್ಹತೆ ಸಿದ್ಧವಿರಬೇಕು. ಹೈಸ್ಕೂಲಿಗೆ ಪದವಿ, ಬಿ.ಎಡ್ ಜೊತೆಗೆ ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್‌ನ ಮೂರನೇ ವಿಭಾಗ. 150 ಪ್ರಶ್ನೆಗೆ 150 ನಿಮಿಷ, ನೆಗೆಟಿವ್ ಅಂಕ ಇಲ್ಲ. ಸಾಮಾನ್ಯ ವರ್ಗಕ್ಕೆ 90, ಹಿಂದುಳಿದ ಮತ್ತು ಪರಿಶಿಷ್ಟ ವರ್ಗಗಳಿಗೆ 82 ಅಂಕ ಬೇಕು. ಕರ್ನಾಟಕದ ಟಿಇಟಿ ಇಲ್ಲಿ ನಡೆಯದು. ಬಿ.ಎಡ್ ಮುಗಿಸಿ ‘ಅಧಿಸೂಚನೆ ಬರಲಿ, ಆಮೇಲೆ ಕೆ-ಟೆಟ್’ ಎಂದವರು ಒಂದು ಸುತ್ತನ್ನೇ ಕಳೆದುಕೊಳ್ಳುತ್ತಾರೆ. ಮಲಯಾಳಂ ಓದು ಬರಹವನ್ನೂ ಈಗಲೇ ಕಲಿತಿಡಿ, ಕಚೇರಿಯ ಕಡತ ಕನ್ನಡದಲ್ಲಿ ಬರುವುದು ಅಪರೂಪ.

ವೇಗದ ಮಾತು. ಅಧಿಸೂಚನೆ, ಪರೀಕ್ಷೆ, ಕಿರುಪಟ್ಟಿ, ದಾಖಲೆ ಪರಿಶೀಲನೆ, ರ‍್ಯಾಂಕ್ ಲಿಸ್ಟ್, ಕೊನೆಗೆ ಅಡ್ವೈಸ್ ಮೆಮೊ, ಅಂದರೆ ನೇಮಕಕ್ಕೆ ಪಿಎಸ್‌ಸಿ ಕೊಡುವ ಶಿಫಾರಸು ಪತ್ರ. ಇದಕ್ಕೆ ಎರಡು ಮೂರು ವರ್ಷ ಹಿಡಿದರೆ ಆಶ್ಚರ್ಯ ಪಡಬೇಕಿಲ್ಲ. ಲಿಸ್ಟಿನಲ್ಲಿ ಹೆಸರು ಬಂದರೂ ಕೆಲಸ ಸಿಕ್ಕಿತೆಂದಲ್ಲ, ಖಾಲಿ ಹುದ್ದೆ ವರದಿಯಾಗುತ್ತಾ ಹೋದಂತೆ ಕರೆಯುತ್ತಾರೆ, ಲಿಸ್ಟಿನ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ. ಕ್ಲರ್ಕ್ ಹುದ್ದೆಗೆ ವಯೋಮಿತಿ ಸಾಮಾನ್ಯರಿಗೆ 36, ಹಿಂದುಳಿದವರಿಗೆ 39, ಪರಿಶಿಷ್ಟರಿಗೆ 41. ಈ ಉದ್ದನೆಯ ಮಿತಿಯೇ ಜನರನ್ನು ಕಾಯಲು ಪುಸಲಾಯಿಸುತ್ತದೆ. ಬ್ಯಾಂಕ್ ಕ್ಲರ್ಕಿಗೆ ಮಿತಿ 28. ಆದ್ದರಿಂದ ಮೊದಲ ಐದಾರು ವರ್ಷ ಬ್ಯಾಂಕಿನ ಪರೀಕ್ಷೆಗೆ ಮುಂದಿನ ಸಾಲು, ಪಿಎಸ್‌ಸಿಗೆ ಅದರ ಹಿಂದಿನ ಸಾಲು.

ಬ್ಯಾಂಕಿನಲ್ಲಿ ಗಡಿನಾಡಿನವರಿಗೆ ಒಂದು ಅನುಕೂಲ ಇದೆ. ಐಬಿಪಿಎಸ್ ಕ್ಲರ್ಕ್ ಹುದ್ದೆಗೆ ಒಂದೇ ರಾಜ್ಯ ಆರಿಸಬೇಕು, ಆ ರಾಜ್ಯದ ಭಾಷೆ ಬರಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಕರ್ನಾಟಕ ಆರಿಸಿದರೆ ಪ್ರಶ್ನೆಯೂ ಕನ್ನಡದಲ್ಲಿ, ಭಾಷಾ ಪರೀಕ್ಷೆಯೂ ಕನ್ನಡದ್ದು. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಕೇರಳದ ಹೆಸರಿನಡಿ ನಿಮ್ಮ ಜಾತಿ ಇದ್ದರೆ ಆ ಮೀಸಲಾತಿ ಕರ್ನಾಟಕದ ಹುದ್ದೆಗೂ ಅನ್ವಯ. ಆದರೆ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿ, ತಹಶೀಲ್ದಾರರಿಂದ ಬೇಕು. ಪಿಎಸ್‌ಸಿಗೆಂದು ವಿಲೇಜ್ ಆಫೀಸರ್ ಕೊಟ್ಟ ನಾನ್ ಕ್ರೀಮಿ ಲೇಯರ್ ಪತ್ರ ಇಲ್ಲಿ ನಡೆಯುವುದಿಲ್ಲ. ಕರ್ನಾಟಕ ಸರಕಾರದ ಸ್ವಂತ ಹುದ್ದೆಗಳ ಕತೆ ಬೇರೆ: ಕೇರಳದ ಜಾತಿ ಪತ್ರಕ್ಕೆ ಅಲ್ಲಿ ಮೀಸಲಾತಿ ಸಿಗುವುದಿಲ್ಲ, ಸಾಮಾನ್ಯ ವರ್ಗದಲ್ಲೇ ಸ್ಪರ್ಧಿಸಬೇಕು. ಕೇಂದ್ರ ಸರಕಾರದ ಹುದ್ದೆಗಳಿಗೆ ಎಸ್‌ಎಸ್‌ಸಿ ನಡೆಸುವ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳೂ ಈಗ ಕನ್ನಡದಲ್ಲಿವೆ. ಕೇರಳ, ಕರ್ನಾಟಕ ಎರಡೂ ಬೆಂಗಳೂರಿನ ಒಂದೇ ವಲಯಕ್ಕೆ ಸೇರಿರುವುದರಿಂದ ಮಂಗಳೂರನ್ನೂ ಕಣ್ಣೂರನ್ನೂ ಪರೀಕ್ಷಾ ಕೇಂದ್ರವಾಗಿ ಕೊಡಬಹುದು.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ನೋಂದಣಿಯನ್ನು ಯಾರೂ ಈಗ ಲೆಕ್ಕಕ್ಕೆ ಇಡುವುದಿಲ್ಲ, ಅದು ತಪ್ಪು. 179 ದಿನಗಳ ತಾತ್ಕಾಲಿಕ ನೇಮಕಾತಿಗಳು ಅಲ್ಲಿಂದಲೇ ನಡೆಯುತ್ತವೆ, ಹಿರಿತನ ನೋಂದಣಿಯ ದಿನದಿಂದ ಲೆಕ್ಕ. ಮೂರು ವರ್ಷಕ್ಕೊಮ್ಮೆ ನವೀಕರಿಸದಿದ್ದರೆ ಆ ಹಿರಿತನ ಹೋಗುತ್ತದೆ. ಅಲ್ಲಿಯ ಎಂಪ್ಲಾಯಬಿಲಿಟಿ ಸೆಂಟರಿನ ಒಂದು ಸಲದ ಶುಲ್ಕದ ನೋಂದಣಿ ಖಾಸಗಿ ಕೆಲಸಗಳಿಗೆ, ಮೊದಲ ಸಂದರ್ಶನಗಳ ಅಭ್ಯಾಸಕ್ಕಾದರೂ ಒಳ್ಳೆಯದು. ವಿದ್ಯಾನಗರದಲ್ಲಿರುವ, ಸರಕಾರದ ಕೌಶಲ ತರಬೇತಿ ಸಂಸ್ಥೆ ಅಸಾಪ್‌ನ ಸ್ಕಿಲ್ ಪಾರ್ಕಿನ ಕೋರ್ಸುಗಳಿಗೆ ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಹಿಂದಿನ ತಂಡದಲ್ಲಿ ಎಷ್ಟು ಜನ, ಯಾವ ಸಂಬಳಕ್ಕೆ ಸೇರಿದರು?

ಈ ನಡುವೆ ಮಂಗಳೂರಿನಲ್ಲಿ ಖಾಸಗಿ ಕೆಲಸ ಸಿಕ್ಕಿದರೆ ಪಿಎಸ್‌ಸಿಗಾಗಿ ಬಿಡಬೇಡಿ. ದೊಡ್ಡ ಪರೀಕ್ಷೆಗಳು ಹೆಚ್ಚಾಗಿ ಶನಿವಾರ, ಕನ್ಫರ್ಮೇಶನ್ ಫೋನಿನಲ್ಲೇ ಆಗುತ್ತದೆ. ಕೆಲಸಕ್ಕೆ ಸೇರುವಾಗ ಮೂಲ ಅಂಕಪಟ್ಟಿಯನ್ನು ಕಂಪನಿಯಲ್ಲಿ ಒತ್ತೆ ಇಡಬೇಕೆಂದು ಕೇಳುವ ಕಡೆ ಮಾತ್ರ ಸೇರಬಾರದು, ಪಿಎಸ್‌ಸಿ ಪರಿಶೀಲನೆಗೆ ಕರೆದ ದಿನ ಮೇಜಿನ ಮೇಲೆ ಇಡಬೇಕಾದದ್ದು ಮೂಲ ಪ್ರತಿಯೇ.