ಆಯ್ಕೆಯಾಗದ ಮಕ್ಕಳನ್ನು ಒಂದು ಕ್ರಿಕೆಟ್ ತರಬೇತಿ ಕೇಂದ್ರ ನಡೆಸಿಕೊಂಡ ಬಗೆ

ಮೈಸೂರಿನಲ್ಲಿ ನಮ್ಮ ಮನೆಗೆ ಹತ್ತಿರವಿರುವ ಕ್ರಿಕೆಟ್ ತರಬೇತಿ ಕೇಂದ್ರವೊಂದಕ್ಕೆ ನನ್ನ ಹನ್ನೆರಡು ವರ್ಷದ ಮಗ ಹೋಗುತ್ತಾನೆ. ಅಲ್ಲಿನ ನೆಟ್ಸ್, ಮ್ಯಾಟಿಂಗ್ ಪಿಚ್, ಬೌಲಿಂಗ್ ಯಂತ್ರ ಎಲ್ಲವೂ ಊರಿನ ಇತರ ಕೇಂದ್ರಗಳಲ್ಲಿರುವಂಥವೇ. ಕೇಂದ್ರದ 14 ವರ್ಷದೊಳಗಿನವರ ತಂಡಕ್ಕೆ ಅವನು ಆಯ್ಕೆಯಾಗದೆ ಹೋದ ಮೇಲೆ ಅಲ್ಲಿಯವರು ನಡೆದುಕೊಂಡ ರೀತಿಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಶುಲ್ಕ ಕಟ್ಟುವ ಪೋಷಕರಲ್ಲಿ ಬಹುಪಾಲು ಮಂದಿಗೆ ಒದಗಿಬರುವ ಅನುಭವ ಅದೇ ಅಲ್ಲವೇ?

ಮೊದಲು ತಕರಾರು. ಪಟ್ಟಿಯನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಊಟದ ಹೊತ್ತಿಗೆ ಹಾಕಿದರು. ಅದರ ಬೆನ್ನಿಗೇ ಅಭಿನಂದನೆಗಳ ಸುರಿಮಳೆಯಾಯಿತು. ತನ್ನ ಹೆಸರಿಲ್ಲದ ಆ ಪಟ್ಟಿಯನ್ನು ಮಗ ನನ್ನ ಫೋನಿನಲ್ಲೇ ಓದಿದ. ಆಯ್ಕೆಯಾಗದವರ ಮನೆಗೆ ಮೊದಲು ಒಂದು ಕರೆ ಮಾಡಿ, ಆಮೇಲೆ ಪಟ್ಟಿ ಪ್ರಕಟಿಸುವುದು ಕಷ್ಟದ ಕೆಲಸವೇನಲ್ಲ.

ಆದರೆ ಅನಂತರ ತರಬೇತುದಾರರು ಮಾಡಿದ ಕೆಲಸವನ್ನು ಮೆಚ್ಚಲೇಬೇಕು. ಕೆಲವು ದಿನ ಬರುವುದು ಬೇಡವೆನಿಸಿದರೆ ಬರದಿದ್ದರೂ ನಡೆಯುತ್ತದೆ ಎಂದು ಹುಡುಗನಿಗೇ ಹೇಳಿದರು. ಅವನು ಮರಳಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ತಂಡದಲ್ಲಿ ಈಗಾಗಲೇ ಇಬ್ಬರು ಆಫ್ ಸ್ಪಿನ್ನರ್‌ಗಳಿದ್ದಾರೆ, ಅವರಿಬ್ಬರೂ ಅವನಿಗಿಂತ ಚೆನ್ನಾಗಿ ಬ್ಯಾಟ್ ಮಾಡುತ್ತಾರೆ, ಬೌಂಡರಿಯಿಂದ ಅವನು ಎಸೆದ ಚೆಂಡು ಕೀಪರ್‌ನ ಕೈ ಸೇರುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ವಿವರಿಸಿದರು. ಇವುಗಳಲ್ಲಿ ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದದ್ದು ಯಾವುದು, ಮೈ ಬೆಳೆಯುವವರೆಗೆ ಕಾಯಬೇಕಾದದ್ದು ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸಿದ್ದು ನನಗೆ ಬಹಳ ಮುಖ್ಯವೆನಿಸಿತು. ಈ ವಯಸ್ಸಿನಲ್ಲಿ ಒಂದೇ ತಂಡದ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದರೆ ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಎಸೆತದ ದೂರವೂ ವೇಗವೂ ಎಷ್ಟೋ ಮಟ್ಟಿಗೆ ಇದನ್ನೇ ಅವಲಂಬಿಸಿವೆ. ಬಿಸಿಸಿಐ ನಡೆಸುವ ರಾಜ್ಯ ತಂಡಗಳ ಬಾಲಕರ ಟೂರ್ನಿಗಳಲ್ಲಿ 16 ವರ್ಷದೊಳಗಿನವರಿಗೂ ವಿಜಯ್ ಮರ್ಚೆಂಟ್ ಟ್ರೋಫಿ ಇದೆ ಎಂದು ಅವರು ತಿಳಿಸಿದಾಗ, ಹನ್ನೆರಡಕ್ಕೇ ಎಲ್ಲ ಬಾಗಿಲುಗಳೂ ಮುಚ್ಚಿದವೆಂದುಕೊಂಡಿದ್ದ ಮಗನ ಮುಖ ತುಸು ಅರಳಿತು.

ಪೋಷಕರಿಗೂ ಅವರ ಸೂಚನೆಗಳಿದ್ದವು. ಮನೆಗೆ ಮರಳುವಾಗ ಸ್ಕೂಟರಿನ ಮೇಲೆ ವಿಚಾರಣೆ ಬೇಡ, ಆಯ್ಕೆಯಾದ ಹುಡುಗನನ್ನು ಮಗುವಿನೆದುರು ಹೀಗಳೆಯುವುದು ಬೇಡ, ಅಳು ನಿಲ್ಲುವ ಮೊದಲೇ ‘ಸೋಲೇ ಗೆಲುವಿನ ಮೆಟ್ಟಿಲು’ ಎನ್ನುವುದಂತೂ ಬೇಡವೇ ಬೇಡ. ಯಾರಿಂದಲಾದರೂ ಒಂದು ಮಾತು ಹೇಳಿಸೋಣವೆಂದು ವಶೀಲಿಗೆ ಸಿದ್ಧರಾಗಿದ್ದ ನಮ್ಮ ಮಾವನವರನ್ನು ತಡೆಯಲು ಈ ಸೂಚನೆಗಳೇ ನೆರವಾದವು.

ಈಗ ಮಗ ಅದೇ ನೆಟ್ಸ್‌ನಲ್ಲಿ ತಂಡದ ಬ್ಯಾಟರ್‌ಗಳಿಗೆ ಬೌಲ್ ಮಾಡುತ್ತಾನೆ. ಗುಡ್ ಲೆಂತ್‌ನಲ್ಲಿ, ಅಂದರೆ ಚೆಂಡು ಪುಟಿಯಬೇಕಾದ ಸರಿಯಾದ ಜಾಗದಲ್ಲಿ, ಇಟ್ಟ ಕೋನ್‌ಗೆ ಓವರೊಂದರಲ್ಲಿ ಎಷ್ಟು ಚೆಂಡು ತಾಗಿದವೆಂಬ ಲೆಕ್ಕವನ್ನು ತಾನೇ ಬರೆದಿಡುತ್ತಾನೆ. ತಂಡದ ಪಂದ್ಯಗಳಿಗೆ ಸ್ಕೋರರ್ ಆಗುವೆಯಾ ಎಂದು ಕೇಳಿದಾಗ ಒಲ್ಲೆನೆಂದ, ಯಾರೂ ಒತ್ತಾಯಿಸಲಿಲ್ಲ.

ಕೇಂದ್ರದ ಕಚೇರಿ ಮಾತ್ರ ತರಬೇತುದಾರರಿಂದ ಏನನ್ನೂ ಕಲಿತಂತಿಲ್ಲ. ಪಟ್ಟಿ ಪ್ರಕಟವಾದ ವಾರದಲ್ಲೇ, ಆಯ್ಕೆಯಾಗದ ಮಕ್ಕಳ ಮನೆಗಳಿಗಷ್ಟೇ, ಮಾಸಿಕ ಶುಲ್ಕದ ಮೇಲೆ ಹೆಚ್ಚುವರಿ ಹಣ ತೆತ್ತು ವೈಯಕ್ತಿಕ ತರಬೇತಿಗೆ ಸೇರುವಂತೆ ಸಂದೇಶ ಬಂತು. ಮಗುವಿನ ದುಃಖ ಕಂಡು ಕಂಗಾಲಾದ ತಂದೆತಾಯಿ ಆ ಹೊತ್ತಿನಲ್ಲಿ ಯಾವುದಕ್ಕಾದರೂ ಒಪ್ಪಿಬಿಡುತ್ತಾರೆ. ನಿಜವಾಗಿ ಅದರ ಅಗತ್ಯವಿದೆಯೇ ಎಂದು ತರಬೇತುದಾರರನ್ನೇ ಕೇಳಿದೆ. ಈ ವರ್ಷ ಬೇಡವೆಂದರು. ಹಾಗಾಗಿ ಮಾಸಿಕ ಶುಲ್ಕದ ತರಬೇತಿಯನ್ನಷ್ಟೇ ಮುಂದುವರಿಸಿದ್ದೇವೆ.